ಬೆನ್ನು ತೆರೆದ ಗೌನು

ತನ್ನ ಆರತಕ್ಷತೆಯ ಸಂಜೆಗೆಂದು ಮೊಮ್ಮಗಳು ಮುಂಬೈಯಿಂದ ಹಳೆಯ ಡಿಸೈನರ್ ಗೌನೊಂದನ್ನು ತಂದಿದ್ದಳು. ಕಡುಹಸಿರು ರೇಷ್ಮೆ, ನನ್ನ ಮದುವೆಯ ಕಾಲದ್ದು. ಬೆನ್ನು ಪೂರ್ತಿ ತೆರೆದಿತ್ತು. ಹೊಸಪೇಟೆಯ ಬೀಗರೆದುರು ಇದು ನಡೆಯದೆಂದು, ಬೆನ್ನು ಮುಚ್ಚುವಷ್ಟು ಉದ್ದದ ಮೊಗ್ಗಿನ ಜಡೆಯನ್ನು ಕಮಲಾಪುರದಿಂದ ನಾನೇ ಹೇಳಿ ತರಿಸಿದ್ದೆ.

"ಜಡಿ ಹಾಕಿದ್ರ ಈ ಗೌನ್ ಯಾಕ್ ಬೇಕಜ್ಜಿ? ಸೀರಿನೇ ಉಡ್ತೀನಿ ಬಿಡ್ರಿ," ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡಳು.

"ಒಮ್ಮೆ ಹಾಕ್ಕೊಂಡು ತೋರ್ಸು," ಎಂದೆ.

ಹಾಕಿಕೊಂಡು ಬಂದಳು. ಅಭ್ಯಾಸಬಲದಿಂದ ನನ್ನ ಕೈ ಪಿನ್ನು ಹಾಕಲು ಜಾಗ ಹುಡುಕಿತು, ಎಲ್ಲಿಯೂ ಬೇಕಿರಲಿಲ್ಲ. ನೆರಿಗೆಯಿಲ್ಲದೆ, ಸೆರಗಿಲ್ಲದೆ ಬಟ್ಟೆ ಭುಜದಿಂದ ಪಾದದವರೆಗೆ ತಾನಾಗಿ ಇಳಿದಿತ್ತು. ಅವಳು ತಿರುಗಿದಳು. ಹೊಲಿದವರ ಜಾಣ್ಮೆಯೆಲ್ಲ ಆ ಬೆನ್ನಿನಲ್ಲೇ ಇತ್ತು.

"ಜಡಿ ನಿನ್ನ ತಂಗಿಗಿರ್ಲಿ," ಎಂದೆ. "ನೀ ಎತ್ತರಕ್ಕ ತುರುಬು ಕಟ್ಟು. ಜಲ್ದಿ, ಬೀಗರು ಬಂದ್ರು."