ಗುರುವಾರವೇ ಬಂದವಳು

ಕಾಫಿ ಕೊಯ್ಲಿನ ನಡುವೆ ಮನೆ ಬಿಟ್ಟು ಹೋಗುವ ಹೆಂಗಸರು ನಮ್ಮ ಬಾಳೂರು ಕಡೆ ಕಡಿಮೆ. ಡಿಸೆಂಬರ್ ಅಂದರೆ ಕಣದ ತುಂಬ ಕಾಫಿ ಹರವಿರುತ್ತದೆ, ಗಂಟೆಗೊಮ್ಮೆ ಕೈಯಾಡಿಸಬೇಕು, ಮೋಡ ಕಂಡರೆ ಓಡಬೇಕು. ಆದರೂ ಆ ವರ್ಷ ನಾನು ಹೋದೆ. ತಂಗಿಯ ಗಂಡ ಅಸ್ಸಾಮಿನ ಒಂದು ಟೀ ತೋಟದಲ್ಲಿ ಮ್ಯಾನೇಜರು. ಅವರ ಮಗಳ ನಿಶ್ಚಿತಾರ್ಥ. ಭಾನುವಾರ ಹೋಗಿ ಗುರುವಾರ ಸಂಜೆಗೆ ವಾಪಸು ಎಂದು ಲೆಕ್ಕ ಹಾಕಿದ್ದೆ.

ಹೋಗಲು ಹಿಂದೆಮುಂದೆ ನೋಡಿದ್ದು ಕಾಫಿಗಾಗಿ ಅಲ್ಲ, ನಮ್ಮ ಮನೆಯವರಿಗಾಗಿ. ಎರಡು ವರ್ಷದಿಂದ ಅವರಿಗೆ ಮರೆವು. ಮೊದಲು ಕನ್ನಡಕ, ಆಮೇಲೆ ಜೀಪಿನ ಕೀಲಿ, ಆಮೇಲೆ ಊಟ ಮಾಡಿದ್ದೇ ಮರೆಯತೊಡಗಿತು. ಚಿಕ್ಕಮಗಳೂರಿನ ಡಾಕ್ಟರು ಎರಡು ಮಾತು ಹೇಳಿದ್ದರು. ಎಲ್ಲವನ್ನೂ ಬರೆದು ಎದುರಿಗೆ ಅಂಟಿಸಿ, ಮಾಡಿದ ಮೇಲೆ ಅವರ ಕೈಯಲ್ಲೇ ಗುರುತು ಹಾಕಿಸಿ. ಇನ್ನೊಂದನ್ನು ನನ್ನನ್ನು ಹೊರಗೆ ಕರೆದು ಹೇಳಿದರು. “ಮುಖಗಳು ಮರೆಯೋಕೆ ಶುರುವಾಗೋ ಹೊತ್ತು ಇದು. ಜಾಸ್ತಿ ದಿನ ಕಣ್ಣಿಂದ ದೂರ ಇರ್ಬೇಡಿ ಅಮ್ಮ.”

ನಮಗೆ ಮಕ್ಕಳಿಲ್ಲ. ಅವರಿಗೆ ಮರೆಯದೆ ಉಳಿಯಬೇಕಾದ ಮುಖ ಅಂತ ಇದ್ದರೆ ನನ್ನದೊಂದೇ.

ಬರೆದಿಡುವುದು ಮಾತ್ರ ಅವರಿಗೆ ಚೆನ್ನಾಗಿ ಒಗ್ಗಿತು. ಮೂವತ್ತು ವರ್ಷ ಪ್ರತಿದಿನ ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಆಳುಗಳ ಹಾಜರಿ ಕರೆದವರು. ಅವರ ಕೆಂಪು ಪೆನ್ಸಿಲಿನ ಗುರುತು ಬಿದ್ದರೆ ಆಳು ಬಂದಂತೆ. ಬೀಳದಿದ್ದರೆ, ಎದುರಿಗೆ ನಿಂತು ಕೆಮ್ಮಿದರೂ ಬಂದಿಲ್ಲ ಎಂದು ಆಳುಗಳೇ ತಮಾಷೆ ಮಾಡುತ್ತಿದ್ದರು. ಹಾಗಾಗಿ ಹೊರಡುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಒಂದು ಉದ್ದದ ಹಾಳೆ ಅಂಟಿಸಿದೆ. ಬೆಳಗಿನ ಮಾತ್ರೆ, ಸ್ನಾನ, ಮಧ್ಯಾಹ್ನದ ಮಾತ್ರೆ, ಸಂಜೆ ಕಣಕ್ಕೆ ಬೂದಿ. ದಿನದಿನಕ್ಕೂ ಅದೇ. ಕೊನೆಯ ಸಾಲು: ಗುರುವಾರ ಸಂಜೆ ನಾನು ಬರುತ್ತೇನೆ. ಪೆನ್ಸಿಲನ್ನು ದಾರ ಕಟ್ಟಿ ಪಕ್ಕದಲ್ಲೇ ನೇತುಹಾಕಿದೆ. ನಮ್ಮ ತೋಟದ ಮೇಸ್ತ್ರಿಯ ಹೆಂಡತಿಗೆ ನಾಲ್ಕು ದಿನ ನಮ್ಮ ಮನೆಯಲ್ಲೇ ಇರಲು ಹೇಳಿದೆ.

ಕಣಕ್ಕೆ ಬೂದಿ ಅಂದರೆ, ಸಂಜೆ ಕಾಫಿಯನ್ನು ಗುಡ್ಡೆ ಎಳೆದು ಟಾರ್ಪಾಲು ಹೊದಿಸಿದ ಮೇಲೆ ಕಾವಲಿಗೆಂದು ಸುತ್ತಲೂ ಬೂದಿಯ ಗೆರೆ ಬಿಡುವುದು. ಹಿಂದೆ ಭತ್ತದ ರಾಶಿಗೆ ಮಾಡುತ್ತಿದ್ದರಂತೆ. ಗದ್ದೆ ಕಡಿಮೆಯಾದ ಮೇಲೆ ನಮ್ಮ ಮನೆಯಲ್ಲಿ ಅದು ಕಾಫಿಗೆ ಬಂತು. ಬಚ್ಚಲೊಲೆಯ ಬೂದಿಯನ್ನು ಕರಟದಲ್ಲಿ ತುಂಬಿಕೊಂಡು ಬಲಕ್ಕೆ ಸುತ್ತಬೇಕು. ಹೊರಟ ಜಾಗಕ್ಕೆ ಬಂದು ಗೆರೆ ಕೂಡುವವರೆಗೆ ಮಾತಾಡಬಾರದು, ಯಾರು ಕರೆದರೂ ಓಗೊಡಬಾರದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, “ನಮ್ಮನೆಯವ್ರೇ ಕರೆದ್ರೆ?” ಎಂದು ಕೇಳಿದ್ದೆ. ಅತ್ತೆ ನಗಲಿಲ್ಲ. “ಕರೆಯೋದು ಅವ್ನೇ ಅಂತ ನಿಂಗೆ ಹೆಂಗ್ ಗೊತ್ತು?” ಅಂದಿದ್ದರು.

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಗುರುವಾರ ನಸುಕಿನಲ್ಲೇ ತಂಗಿಯ ಮನೆ ಬಿಟ್ಟು, ಮಂಜಿನಲ್ಲಿ ಐದು ಗಂಟೆ ಕಾರಿನಲ್ಲಿ ಕೂತು ವಿಮಾನ ನಿಲ್ದಾಣ ತಲುಪಿದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಹಲಗೆಯಲ್ಲಿ ಊರುಗಳ ಹೆಸರಿನ ಮುಂದೆ ಸಾಲಾಗಿ ರದ್ದು, ರದ್ದು ಎಂದೇ ಇತ್ತು. ನಮ್ಮದೊಂದೇ ಅಲ್ಲ, ದೇಶದ ತುಂಬ ಹೀಗೇ ಆಗಿದೆ ಅಂದರು. ಕಾರಣ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಕೌಂಟರಿನ ಹುಡುಗಿ, “ನಾಳೆ ಬೆಳಿಗ್ಗೆ ಮೊದಲನೇದು, ಖಂಡಿತ” ಎಂದು ಹಿಂದಿಯಲ್ಲಿ ಹೇಳಿದಳು. ಖಂಡಿತ ಅಂದಾಗ ನನ್ನ ಮುಖ ನೋಡಲಿಲ್ಲ. ರೈಲಿಗೆ ಹೋದರೆ ಮೂರು ದಿನ, ಅದಕ್ಕೂ ಟಿಕೆಟ್ಟಿಲ್ಲ. ತಂಗಿಯ ಮನೆಗೆ ವಾಪಸು ಹೋಗಿ ನಾಳೆ ಬೆಳಿಗ್ಗೆಯೊಳಗೆ ಮತ್ತೆ ಬರುವುದು ಆಗದ ಮಾತು. ಕಂಬದ ಬುಡದಲ್ಲಿ ಶಾಲು ಹಾಸಿ ಕೂತೆ.

ಆ ಕಡೆ ಹೊತ್ತು ಬೇಗ ಮುಳುಗುತ್ತದೆ. ನಾಲ್ಕೂವರೆಗೆಲ್ಲ ಗಾಜಿನ ಆಚೆ ಕಪ್ಪಾಯಿತು. ಮೊಬೈಲು ತೆಗೆದು ಮನೆಯ ಕ್ಯಾಮೆರಾ ನೋಡಿದೆ. ಕಾಫಿ ಕಳ್ಳರ ಕಾಟಕ್ಕೆಂದು ಗೋಡೌನಿನ ಸೂರಿಗೆ ಹಾಕಿಸಿದ ಕ್ಯಾಮೆರಾ ಅದು. ಕಣ ಪೂರ್ತಿ ಕಾಣುತ್ತದೆ, ಜಗಲಿಯ ಒಂದು ಮೂಲೆಯೂ ಕಾಣುತ್ತದೆ. ಶಬ್ದ ಬರುವುದಿಲ್ಲ. ಅಲ್ಲಿ ಇನ್ನೂ ಹಳದಿ ಬಿಸಿಲಿತ್ತು. ನಾನು ಕತ್ತಲಲ್ಲಿ ಕೂತು ಬೆಳಕಿನಲ್ಲಿರುವ ನಮ್ಮನೆ ನೋಡುತ್ತಿದ್ದೆ. ಸತ್ತವರಿಗೆ ಮನೆ ಹೀಗೇ ಕಾಣುತ್ತದೋ ಏನೋ ಎಂದು ಒಂದು ಗಳಿಗೆ ಅನ್ನಿಸಿ, ಥೂ ಎಂದು ತಲೆ ಕೊಡವಿಕೊಂಡೆ.

ಆರು ಗಂಟೆಗೆ ಮನೆಗೆ ಫೋನು ಮಾಡಿದೆ. ಅವರೇ ಎತ್ತಿದರು.

“ರೀ, ನಾನು. ವಿಮಾನ ಇಲ್ವಂತೆ. ನಾಳೆ ಬರೋದು.”

ಅವರು ಬಹಳ ಮರ್ಯಾದೆಯಿಂದ ಕೇಳಿದರು. “ಅವ್ಳು ಸ್ನಾನಕ್ಕೆ ಹೋಗಿದಾಳೆ. ಈಗಷ್ಟೇ ಬಂದ್ಲು, ಸುಸ್ತಾಗಿದೆ ಪಾಪ. ತಾವು ಯಾರು ಅಂತ ಹೇಳ್ಲಿ?”

ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೆ. ಫೋನಿನಲ್ಲಿ ನಮ್ಮನೆಯ ಗಡಿಯಾರದ ಟಕ್ ಟಕ್ ಕೇಳುತ್ತಿತ್ತು. ಬಚ್ಚಲಲ್ಲಿ ನೀರು ಬೀಳುವ ಶಬ್ದವೂ ಕೇಳಿದಂತಾಯಿತು.

ಮೇಸ್ತ್ರಿಯ ಹೆಂಡತಿ ಫೋನು ಇಸಿದುಕೊಂಡು ಅಂಗಳಕ್ಕೆ ಬಂದು ಪಿಸುಗುಟ್ಟಿದಳು. “ಅಮ್ಮಾ, ಗೌಡ್ರು ಹೊತ್ತು ಇಳಿಯೋವಾಗ ಹಾಳೆ ಮುಂದೆ ನಿಂತ್ರು. ಗುರುವಾರ ಸಂಜೆ ಅಂತ ಓದಿದ್ರು. ಬಂದಾಯ್ತು ಅಂತ ಗುರ್ತು ಹಾಕೇಬಿಟ್ರು. ಆಗಿಂದ ನೀವು ಒಳಗಿದೀರಿ ಅಂತಾರೆ.”

“ಬಚ್ಚಲಲ್ಲಿ ನೀರು ಬಿಟ್ಟಿರೋದು ಯಾರು?”

“ಅವ್ರೇ. ನಿಮ್ಗೆ ಬಿಸಿನೀರು ತೋಡಿಡ್ತೀನಿ ಅಂತ ಹಂಡೆಗೆ ನೀರು ಬಿಟ್ಟಿದಾರೆ.” ಆಮೇಲೆ ಕೇಳಿದಳು. “ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನೀವು ನಿಜವಾಗ್ಲೂ ಬಂದಿಲ್ಲ ಅಲ್ವಾ?”

“ಎಂತ ಹೇಳ್ತೀಯ ಮಾರಾಯ್ತಿ! ಇಲ್ಲಿ ಕಂಬದ ಬುಡದಲ್ಲಿ ಕೂತಿದೀನಿ.”

“ಅಲ್ಲ, ಅವ್ರು ಹೇಳೋ ರೀತಿ ನೋಡಿದ್ರೆ ಅಡುಗೆಮನೆಗೆ ಹೋಗೋಕೆ ನಂಗೆ ಕಾಲೇ ಬರಲ್ಲ. ಹೋಗೋವಾಗ ಕೆಮ್ಮಿ ಹೋಗ್ತೀನಿ.”

ನಾನು ನಕ್ಕೆ. ಅವಳು ನಗಲಿಲ್ಲ.

ಶುಕ್ರವಾರ ಬೆಳಗಿನ ಮೊದಲನೆಯದೂ ರದ್ದಾಯಿತು. ರಸ್ತೆಯಾಚೆ ಒಂದು ಲಾಡ್ಜಿನಲ್ಲಿ ರೂಮು ಹಿಡಿದೆ. ಗೋಡೆಗೆ ತೇವದ ವಾಸನೆ, ಸಾಸಿವೆ ಎಣ್ಣೆಯ ಅಡುಗೆ. ತಂದ ಬಟ್ಟೆಯಲ್ಲಿ ಒಂದು ಸೀರೆ ಒಗೆದು ಕಿಟಕಿಗೆ ಹರವಿ, ಒಣಗುತ್ತದೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುವುದೇ ಕೆಲಸ. ಸಂಜೆ ಮತ್ತೆ ಕ್ಯಾಮೆರಾ ಮುಂದೆ ಕೂತೆ.

ಆಳುಗಳು ಗುಡ್ಡೆ ಎಳೆದು ಟಾರ್ಪಾಲು ಹೊದಿಸಿ ಹೋದರು. ಇವರು ಕರಟ ಹಿಡಿದು ಬಂದರು. ತಲೆ ತಗ್ಗಿಸಿ, ಬಲಕ್ಕೆ ಸುತ್ತುತ್ತ, ಒಂದೇ ಸಮ ಬೂದಿ ಬಿಟ್ಟರು. ನಾನು ನಿಧಾನವಾಗಿ ಉಸಿರು ಬಿಟ್ಟೆ. ಗೆರೆ ಕೂಡಿತು. ಆಮೇಲೆ ತಲೆ ಎತ್ತಿ ಜಗಲಿಯ ಕಡೆ ನೋಡಿ ಏನೋ ಹೇಳಿದರು. ಉತ್ತರಕ್ಕೆ ಕಾದರು. ಕೇಳಿಸಿಕೊಂಡರು. ಕೇಳಿಸಿಕೊಂಡು ನಕ್ಕರು, ಭುಜ ಅಲುಗುವ ಹಾಗೆ.

ಜಗಲಿಯ ಮೂಲೆಯಲ್ಲಿ ಖಾಲಿ ಬೆತ್ತದ ಕುರ್ಚಿ ಇತ್ತು. ಅದು ನಾನು ಕೂರುವ ಕುರ್ಚಿ. ಅದರ ಬೆನ್ನಿಗೆ ನನ್ನ ಹಳೆಯ ಸ್ವೆಟರು ಹಾಕಿತ್ತು. ಹೋಗುವಾಗ ಅದನ್ನು ಬೀರುವಿನೊಳಗೆ ಮಡಚಿಟ್ಟ ನೆನಪು ನನಗೆ.

ಹೆದರಿಕೆಯಾದದ್ದು ನಿಜ. ಅದಕ್ಕಿಂತ ಹೆಚ್ಚಾಗಿ ಇನ್ನೊಂದಾಯಿತು, ಹೇಳಲು ನಾಚಿಕೆ. ಅವರು ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು. ನನ್ನ ಎದುರು ನಗುತ್ತಿರಲಿಲ್ಲ. ನಾನು ದಿನಕ್ಕೆ ಹತ್ತು ಸಲ “ಆಗ್ಲೇ ಹೇಳಿದ್ನಲ್ಲ” ಅನ್ನುವವಳು, “ಅದು ಅಲ್ಲಿಲ್ಲ, ಇಲ್ಲಿದೆ” ಎಂದು ತಿದ್ದುವವಳು. ಆ ಕುರ್ಚಿಯಲ್ಲಿದ್ದವಳು ತಿದ್ದುತ್ತಿರಲಿಲ್ಲ ಅಂತ ಕಾಣುತ್ತದೆ. ಸಾವಿರಾರು ಮೈಲಿ ದೂರದ ಲಾಡ್ಜಿನ ಮಂಚದ ಮೇಲೆ ಕೂತು ನನಗೆ ನನ್ನ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಅವಳು ಇನ್ನು ಎಷ್ಟು ದಿನ ಅಲ್ಲಿ ಕೂತರೆ ನನ್ನ ಮುಖಕ್ಕೆ ಜಾಗ ಇರುವುದಿಲ್ಲ? ಡಾಕ್ಟರು ಹೊರಗೆ ಕರೆದು ಹೇಳಿದ ಮಾತು ನೆನಪಾಯಿತು. ಶನಿವಾರ, ಮರುದಿನದ ಟಿಕೆಟ್ಟು ಕೈಗೆ ಬಂದ ಮೇಲೆ, ಮೇಸ್ತ್ರಿಯ ಹೆಂಡತಿಗೆ ಹೇಳಿ, ಹಾಳೆಯ ಕೆಳಗೆ “ಭಾನುವಾರ ಬರುತ್ತೇನೆ” ಎಂದು ಬರೆಸಿದೆ. ಅರ್ಧ ಗಂಟೆಗೆ ಅವಳ ಫೋನು.

“ಗೌಡ್ರು ಓದಿದ್ರಮ್ಮ. ಇದು ಯಾರು ಬರ್ದಿದ್ದು, ತಪ್ಪಿದೆ, ಬಂದ ಆಳಿಗೆ ಎರಡು ಸಲ ಹಾಜರಿ ಹಾಕ್ತಾರಾ ಅಂತ ನಂಗೇ ಬೈದ್ರು. ಆ ಸಾಲನ್ನೇ ಹೊಡ್ದು ಹಾಕಿದ್ರು.”

“ಮೊದಲನೇ ಸಾಲು ಹರಿದು ತೆಗಿ ಹಂಗಾದ್ರೆ.”

“ನನ್ ಕೈಲಾಗಲ್ಲಮ್ಮ.” ಅವಳ ದನಿ ಸಣ್ಣದಾಯಿತು. “ಅದನ್ನ ಹರಿದ್ರೆ ಒಳಗಿರೋರು ಎಲ್ಲಿಗೆ ಹೋಗ್ಬೇಕು?”

ಅವಳಿಗೂ ಹತ್ತಿತ್ತು ಅದು.

ಭಾನುವಾರ ಬೆಳಿಗ್ಗೆ ಕಡೆಗೂ ವಿಮಾನ ಹೊರಟಿತು. ಮಧ್ಯಾಹ್ನದ ಮುಂಚೆ ಬೆಂಗಳೂರು ಮುಟ್ಟಿದೆ. ಒಂದು ಬಾಡಿಗೆ ಕಾರು ಮೂಡಿಗೆರೆಯವರೆಗೆ ತಂದು ಬಿಟ್ಟಿತು. ಅಲ್ಲಿಂದ ನಮ್ಮೂರ ಕಡೆಯ ಜೀಪು. ಬಣಕಲ್ ದಾಟುವವರೆಗೆ ಡ್ರೈವರು ಕನ್ನಡಿಯಲ್ಲಿ ನನ್ನನ್ನು ಎರಡು ಮೂರು ಸಲ ನೋಡಿದ. ಕಡೆಗೆ ಕೇಳಿಯೇಬಿಟ್ಟ.

“ಅಕ್ಕ, ನೀವು ಗುರುವಾರನೇ ಬಂದ್ರಂತಲ್ಲ?”

“ಯಾರು ಹೇಳಿದ್ರು?”

“ಗೌಡ್ರೇ. ನಿನ್ನೆ ಜೀಪಲ್ಲಿ ಮೀನು ತಂದಿದ್ದೆ, ತಗೊಂಡ್ರು ನನ್ ಹತ್ರ. ಅಸ್ಸಾಮಲ್ಲಿ ಬರೀ ಟೀ ಕುಡ್ದು ಬಾಯಿ ಕೆಟ್ಟಿದೆ ಅಂತಿದಾಳೆ, ಸಾರು ಮಾಡಿಸ್ಬೇಕು ಅಂದ್ರು.” ಗೇರು ಬದಲಿಸಿ ಮತ್ತೆ ಕೇಳಿದ. “ಮತ್ತೆ ಯಾವಾಗ ಹೋದ್ರಿ?”

ಅಸ್ಸಾಮಿನ ಟೀ ಕುಡಿದು ಬಾಯಿ ಕೆಟ್ಟಿದೆ ಎಂದು ನಾನು ನಿಜವಾಗಿಯೂ ಅಂದಿದ್ದೆ. ತಂಗಿಯ ಹತ್ತಿರ, ಬುಧವಾರ, ಅವಳ ಅಡುಗೆಮನೆಯಲ್ಲಿ. ಇವರಿಗೆ ಹೇಳಿರಲಿಲ್ಲ. ಊಹಿಸುವುದು ಕಷ್ಟವೇನಲ್ಲ ಬಿಡಿ, ಮೂವತ್ತು ವರ್ಷದ ಸಂಸಾರ. ಆದರೂ ಚೀಲದಿಂದ ವಿಮಾನದ ಟಿಕೆಟ್ಟು ತೆಗೆದು, ಅದರ ಮೇಲಿನ ತಾರೀಖನ್ನು ಇನ್ನೊಂದು ಸಲ ನೋಡಿಕೊಂಡೆ.

ಗೇಟಿನ ಹತ್ತಿರ ಇಳಿದಾಗ ಬಿಸಿಲು ಸಿಲ್ವರ್ ಓಕ್ ಮರಗಳ ತುದಿಗೆ ಹೋಗಿತ್ತು. ಇವರು ಕಣದಲ್ಲಿದ್ದರು, ಕೈಯಲ್ಲಿ ಕರಟ.

“ರೀ,” ಎಂದು ಕರೆದೆ.

ತಿರುಗಲಿಲ್ಲ.

“ರೀ, ನಾನು ಬಂದೆ.”

ಗಾಳಿಯೇ ಇರಲಿಲ್ಲ, ಕೇಳಿಸದೆ ಇರುವ ದೂರವೂ ಅಲ್ಲ. ಅವರು ತಲೆ ತಗ್ಗಿಸಿ ಬೂದಿ ಬಿಡುತ್ತ ನನ್ನ ಎದುರಿಗೇ ಹಾದು ಹೋದರು. ಎರಡು ಮಾರು ಅಂತರ. ಯಾವುದೋ ಮರ ಹಾದಂತೆ ಹಾದರು. ಒಂದೇ ವಾರಕ್ಕೆ ಹೋಯಿತು, ಮುಖ ಹೋಯಿತು ಅಂದುಕೊಂಡೆ. ಚೀಲ ಹಿಡಿದುಕೊಂಡು, ಸ್ವಂತ ಮನೆಯ ಕಣದ ಅಂಚಿನಲ್ಲಿ, ಯಾರ ಮನೆಯನ್ನೋ ಕೇಳಿಕೊಂಡು ಬಂದವಳಂತೆ ನಿಂತೆ.

ಅವರು ಪೂರ್ತಿ ಸುತ್ತು ಬಂದರು. ಹೊರಟ ಜಾಗ ಮುಟ್ಟಿದರು. ಕೊನೆಯ ಚಿಟಿಕೆ ಬೂದಿ ಬಿತ್ತು, ಗೆರೆ ಕೂಡಿತು. ಕರಟ ಕೆಳಗಿಟ್ಟು ನೇರ ನನ್ನ ಹತ್ತಿರ ಬಂದು, ಬೂದಿಗೈಯಲ್ಲೇ ನನ್ನ ಚೀಲ ಹಿಡಿದರು.

“ಗೆರೆ ಕೂಡೋವರೆಗೂ ಕರೀಬಾರದು ಅಂತ ನಿಂಗೆ ಗೊತ್ತಿಲ್ವಾ? ನಮ್ಮಮ್ಮ ಇದ್ದಿದ್ರೆ ಬೈತಿದ್ರು.”

ನನಗೆ ಅಳು ಬಂತು. ರೂಢಿ ಮರೆತವಳು ನಾನೇ. ಅವರು ನನ್ನ ಹೆಸರು ಹಿಡಿದು ಕರೆದರು. ನನ್ನ ಸೊರಗಿದ ಮುಖ ನೋಡಿದರು, ಮುದುಡಿದ ಸೀರೆ ನೋಡಿದರು. ಆಮೇಲೆ ಅವರ ಕಣ್ಣು ನಿಧಾನವಾಗಿ ಜಗಲಿಯ ಕಡೆ ಹೋಯಿತು. ಹುಬ್ಬು ಗಂಟಾಯಿತು. ನನ್ನ ಕಡೆ ಬಾಗಿ, ಮೆಲ್ಲಗೆ, ಯಾರಿಗೋ ಕೇಳಿಸಬಾರದು ಎನ್ನುವಂತೆ ಕೇಳಿದರು.

“ಒಳಗಿರೋಳಿಗೆ ಎಂತ ಹೇಳದು ಈಗ?”

ನಾಲ್ಕು ದಿನದ ಹಿಂದಿನ ನಾನಾಗಿದ್ದರೆ, ಒಳಗೆ ಯಾರೂ ಇಲ್ಲ, ಆಗ್ಲೇ ಹೇಳಿದ್ನಲ್ಲ ಅನ್ನುತ್ತಿದ್ದೆ.

“ನಾನು ಹೇಳ್ತೀನಿ. ನೀವು ಕೈ ತೊಳ್ಕೊಳ್ಳಿ,” ಅಂದೆ.

ಒಬ್ಬಳೇ ಒಳಗೆ ಹೋದೆ. ಹಾಲ್ ದಾಟುವಾಗ, ನನಗೇ ಗೊತ್ತಿಲ್ಲದೆ, ಒಂದು ಸಲ ಕೆಮ್ಮಿದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮೇಸ್ತ್ರಿಯ ಹೆಂಡತಿ ಹಿತ್ತಲಲ್ಲಿ ಕೋಳಿ ಕೂಡುತ್ತಿದ್ದ ಸದ್ದು. ಕಟ್ಟೆಯ ಮೇಲೆ ನನ್ನ ಸ್ಟೀಲ್ ಲೋಟದಲ್ಲಿ ಕಾಫಿ ಇಟ್ಟು ತಟ್ಟೆ ಮುಚ್ಚಿತ್ತು. ಇವರು ಮಾಡಿಟ್ಟದ್ದೇ, ಬೆಲ್ಲ ಹಾಕುವುದು ಅವರೊಬ್ಬರೇ. ಫ್ರಿಜ್ಜಿನ ಮೇಲೆ ಹಾಳೆ. ಗುರುವಾರದ ಸಾಲಿನ ಮುಂದೆ ಕೆಂಪು ಗುರುತು, ಚೆಕ್‌ರೋಲಿನಲ್ಲಿ ಹಾಕುತ್ತಿದ್ದಂಥದೇ, ನಡುಗದ ಕೈಯದು. ಹಾಳೆಯನ್ನು ಕಿತ್ತು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡೆ. ಖಾಲಿ ಅಡುಗೆಮನೆಗೆ ಏನಾದರೂ ಹೇಳಬೇಕು ಅನ್ನಿಸಿತು. ನಾಲ್ಕು ದಿನ ನೋಡಿಕೊಂಡಿದ್ದಳು, ನಗಿಸಿದ್ದಳು. “ಆಯ್ತು, ನಾನು ಬಂದೆ,” ಅಂದೆ, ಅಷ್ಟೇ. ಕಾಫಿ ಕುಡಿದೆ.

ಹಿಂದೆ ಬಾಗಿಲಲ್ಲಿ ಅವರು ನಿಂತಿದ್ದರು. ಒದ್ದೆ ಕೈ ಪಂಚೆಗೆ ಒರೆಸಿಕೊಳ್ಳುತ್ತ ಅಡುಗೆಮನೆಯ ಮೂಲೆಮೂಲೆ ನೋಡಿದರು.

“ಹೋದ್ಲಾ?”

“ಹೋದ್ಲು.”

“ಬೇಜಾರು ಮಾಡ್ಕೊಂಡ್ಲಾ?”

“ಇಲ್ಲ, ಕಾಫಿ ಕುಡಿದೇ ಹೋದ್ಲು,” ಅಂದೆ. ಕೈಯಲ್ಲಿದ್ದ ಲೋಟ ಇನ್ನೂ ಬೆಚ್ಚಗಿತ್ತು.