ಮೇ ಬೆಳಗಿನ ಮೊದಲ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಟ್ರಾಕ್ಟಾ ಗಿಲಿಗನ್ ರಸ್ತೆ ಬದಿಯ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದಾರೆ. ಕಬ್ಬಿಣದ ಮುಚ್ಚಳ ತೆಗೆದು, ಹರ್ಲಿಂಗ್ ಆಟದ ಮುರಿದ ಕೋಲಿನ ಒಂದು ತುದಿಯನ್ನು ಗುಂಡಿಯೊಳಗಿನ ವಾಲ್ವಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಿ ಕಣ್ಣು ಮುಚ್ಚಿಕೊಂಡಿದ್ದಾರೆ. ದೂರದಿಂದ ನೋಡಿದರೆ ಪ್ರಾರ್ಥನೆ ಮಾಡುತ್ತಿರುವಂತೆ ಕಾಣುತ್ತದೆ. ಹಾಲಿನ ಲಾರಿಯವನೊಬ್ಬ ಹಾಗೆಯೇ ತಿಳಿದು ಒಮ್ಮೆ ಟೋಪಿ ತೆಗೆದು ನಮಸ್ಕರಿಸಿ ಹೋಗಿದ್ದನಂತೆ.

“ಸ್ವಲ್ಪ ಸುಮ್ನಿರು,” ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನೆರೆಮನೆಯವಳಾದ ನನಗೆ. ನಾನು ಸುಮ್ಮನೇ ಇದ್ದೆ, ಉಸಿರಾಡಿದ್ದೇ ತಪ್ಪಾಯಿತು ಅಂತ ಕಾಣುತ್ತದೆ. “ಎಲ್ರೂ ಮಲ್ಗಿರೋ ಹೊತ್ತಲ್ಲಿ ಪೈಪಲ್ಲಿ ಸದ್ದು ಇರಬಾರ್ದು. ಇದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ ಲೆಕ್ಕ. ಇನ್ನೊಂದರ್ಧ ಗಂಟೆಗೆ ಇವ್ರೆಲ್ಲಾ ಎದ್ದು ಟೀಗೆ ನೀರು ಹಿಡಿಯೋಕ್ ಶುರು ಮಾಡ್ತಾರೆ, ಆಮೇಲೆ ಏನೂ ಕೇಳ್ಸಲ್ಲ.”

ಪೂರ್ವ ಗಾಲ್ವೇ ಸೀಮೆಯ ಕ್ಲೂನ್‌ಬ್ರಕ್‌ನಲ್ಲಿ ನೀರು ಸರ್ಕಾರದ್ದಲ್ಲ, ಊರವರದ್ದು. ಅಟ್ರಾಕ್ಟಾ ಅವರ ಅಪ್ಪನ ಕಾಲದಲ್ಲಿ ಮನೆಗೊಬ್ಬ ಆಳು ಸನಿಕೆ ಹಿಡಿದು ಬಂದು ಹೊಲಗಳ ಅಡಿಯಲ್ಲಿ ಕಾಲುವೆ ತೋಡಿ ಪೈಪು ಹೂತರು. ಆವತ್ತಿನವರೆಗೆ ಐರ್ಲೆಂಡಿನ ಈ ಮೂಲೆಯ ಹೆಂಗಸರು ಬಕೆಟ್ಟಿನಲ್ಲಿ ನೀರು ಹೊತ್ತು ಸೊಂಟ ಮುರಿದುಕೊಂಡಿದ್ದರು. ಈಗ ಇನ್ನೂರಕ್ಕೆ ಹತ್ತಿರ ಮನೆ, ಅವುಗಳ ದನದ ಕೊಟ್ಟಿಗೆ, ಒಂದು ಶಾಲೆ, ಎರಡು ಪಬ್ಬು, ಎಲ್ಲಕ್ಕೂ ಒಂದೇ ಒರತೆಯ ನೀರು. ಅದನ್ನು ನೋಡಿಕೊಳ್ಳಲು ಒಬ್ಬರೇ ಒಬ್ಬರು. ಹಿಂದೆ ಇದ್ದವರು ತೀರಿಕೊಂಡಾಗ ಬೇರೆ ಯಾರಾದರೂ ಸಿಗುವ ತನಕ ಎಂದು ಒಪ್ಪಿಕೊಂಡ ಕೆಲಸ. ಆಮೇಲೆ ಯಾರೂ ಹುಡುಕಲಿಲ್ಲ. ಹತ್ತೊಂಬತ್ತು ವರ್ಷವಾಯಿತು, ಅಟ್ರಾಕ್ಟಾ ಅವರಿಗೀಗ ಅರವತ್ತೊಂದು.

ಅವರ ದಿನ ಕೇಳಿದರೆ ನಮಗೇ ಸುಸ್ತಾಗುತ್ತದೆ. ಬೆಳಗ್ಗೆ ಸೋರಿಕೆ ಹುಡುಕಬೇಕು. ಪಂಪ್‌ಹೌಸಿಗೆ ಹೋಗಿ ಕ್ಲೋರಿನ್ ನೋಡಬೇಕು, ಡ್ರಮ್ಮು ಖಾಲಿಯಾಗಿದ್ದರೆ ಇಪ್ಪತ್ತೈದು ಲೀಟರಿನ ಇನ್ನೊಂದನ್ನು ತಾವೇ ಎತ್ತಿ ಇಡಬೇಕು. ಹಳೇ ವ್ಯಾನಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಮೈಲಿ ತಿರುಗಾಟ. ಮಂಡಿ ಎರಡೂ ಹೋಗಿವೆ. ಫೋನು ಬಡಿದುಕೊಳ್ಳುವುದಕ್ಕೆ ಹೊತ್ತು ಗೊತ್ತು ಇಲ್ಲ. ಹೋದ ವರ್ಷ ಸ್ವಂತ ಚಿಕ್ಕಮ್ಮನ ಶವಪೆಟ್ಟಿಗೆ ಗುಂಡಿಗೆ ಇಳಿಸುವಾಗ ಪಕ್ಕದಲ್ಲಿದ್ದವನು ಬಗ್ಗಿ, “ನಮ್ಮನೇಲಿ ನೀರು ಸಣ್ಣಕೆ ಬರ್ತಿದೆ, ಆಮೇಲೆ ಸ್ವಲ್ಪ ನೋಡ್ತೀಯಾ?” ಎಂದನಂತೆ. ಊರಿಗೆ ಉಪಕಾರ ಮಾಡುವುದು ಹೆಣಕ್ಕೆ ಶೃಂಗಾರ ಮಾಡಿದಂತೆ ಎಂದು ನಾನು ಹುಟ್ಟಿ ಬೆಳೆದ ಕಡೆ ಹೇಳುತ್ತಾರೆ ಅಂದೆ. ಅಟ್ರಾಕ್ಟಾ ಯೋಚಿಸಿ, “ಹೆಣ ಫೋನಾದ್ರೂ ಮಾಡಲ್ಲ,” ಅಂದರು.

ಇದೆಲ್ಲ ಕೆಲಸದ ಆಯಾಸ. ಮಲಗಿ ಎದ್ದರೆ ಅರ್ಧ ಹೋಗುತ್ತದೆ. ಅವರನ್ನು ತಿನ್ನುತ್ತಿರುವುದು ಬೇರೆಯೇ ಒಂದಿದೆ, ಅದು ಊರಿಗೆಲ್ಲ ಗೊತ್ತಿದೆ.

ಒರತೆ ಇರುವುದು ಡೀಲಿಯಾ ಫಾಹಿ ಅವರ ಜಮೀನಿನ ತಗ್ಗಿನಲ್ಲಿ. ಡೀಲಿಯಾಗೆ ಎಂಬತ್ತು ದಾಟಿದೆ. ಅಣ್ಣ ಪ್ಯಾಕಿ ಹೋದ ಮೇಲೂ ಹನ್ನೆರಡು ದನ ಸಾಕಿಕೊಂಡು ಗಟ್ಟಿಯಾಗಿದ್ದಾರೆ. ಆ ದನಗಳು ಒರತೆಗೇ ಇಳಿದು ನೀರು ಕುಡಿಯುತ್ತವೆ, ಅಲ್ಲೇ ನಿಲ್ಲುತ್ತವೆ, ನಿಂತ ದನ ಮಾಡುವುದನ್ನೆಲ್ಲ ಅಲ್ಲೇ ಮಾಡುತ್ತವೆ. ಮೊದಲಾದರೆ ನಡೆಯುತ್ತಿತ್ತು. ಈಗ ಮಳೆ ಹುಚ್ಚುಚ್ಚಾಗಿ ಸುರಿಯುತ್ತದೆ. ಇಲ್ಲಿಯದು ಸುಣ್ಣಕಲ್ಲಿನ ನೆಲ, ಮೇಲಿನ ಕೊಚ್ಚೆ ಸೋಸದೆ ನೇರವಾಗಿ ಒಳಗೆ ಇಳಿಯುತ್ತದೆ. ಕಳೆದ ಅಕ್ಟೋಬರಿನಿಂದ ಊರಿಗೆ ಊರೇ ನೀರು ಕುದಿಸಿ ಕುಡಿಯುತ್ತಿದೆ. ಒರತೆಯ ಸುತ್ತ ಬೇಲಿ ಹಾಕಿದರೆ ಸರಿಹೋಗುತ್ತದೆ. ಹಾಕದಿದ್ದರೆ ಚಳಿಗಾಲದ ಒಳಗೆ ಒರತೆಯನ್ನೇ ಮುಚ್ಚಬೇಕಾಗುತ್ತದೆ. ಬೇಲಿಗೆ ಡೀಲಿಯಾ ಹೂಂ ಅನ್ನಬೇಕು. ಡೀಲಿಯಾ ಅಟ್ರಾಕ್ಟಾ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿದೆ.

ಕಾರಣ ಒಂದು ಬಾಟಲಿ ನೀರು. ಮೇ ತಿಂಗಳ ಮೊದಲ ಬೆಳಗ್ಗೆ ಬಾವಿಯಿಂದಲೋ ಒರತೆಯಿಂದಲೋ ಮೊದಲು ಎತ್ತಿದ ನೀರಿನಲ್ಲಿ ಆ ಮನೆಯ ವರ್ಷದ ಅದೃಷ್ಟವೆಲ್ಲ ಇರುತ್ತದೆ. ನೀರಿನ ಕೆನೆ ಅನ್ನುತ್ತಾರೆ ಅದನ್ನು. ಮನೆಯವರೇ ಎತ್ತಿಕೊಳ್ಳಬೇಕು. ಹೊರಗಿನವರು ಎತ್ತಿದರೆ ಹಾಲು, ಬೆಣ್ಣೆ, ಕರು ಎಲ್ಲ ಅವರ ಹಿಂದೆ ಹೋಗುತ್ತದೆ. ಆವತ್ತು ಹೊತ್ತು ಮೂಡುವ ಮುಂಚೆ ಇನ್ನೊಬ್ಬರ ಬಾವಿಯ ಹತ್ತಿರ ಸುಳಿಯುವುದು ಕನ್ನ ಹಾಕಿದ್ದಕ್ಕೆ ಸಮ. ಇದನ್ನು ನಂಬುತ್ತೇನೆ ಎನ್ನುವವರು ಕ್ಲೂನ್‌ಬ್ರಕ್‌ನಲ್ಲಿ ಒಬ್ಬರೂ ಸಿಗುವುದಿಲ್ಲ, ಮೀರುವವರೂ ಸಿಗುವುದಿಲ್ಲ.

ಅಟ್ರಾಕ್ಟಾ ಮೀರಿದರು. ಬೇಕೆಂದು ಅಲ್ಲ. ಪರೀಕ್ಷೆಯ ನೀರನ್ನು ದನಗಳು ಇಳಿದು ಕಲಕುವ ಮುಂಚೆ ಹಿಡಿಯಬೇಕು, ಲ್ಯಾಬಿನವರು ಕೊಟ್ಟ ದಿನ ಅದಾಗಿತ್ತು. ನಸುಕಿನಲ್ಲಿ ಒರತೆಗೆ ಬಗ್ಗಿ ಬಾಟಲಿ ತುಂಬಿಸಿಕೊಂಡು ತಲೆ ಎತ್ತಿದರೆ, ಕೈಯಲ್ಲಿ ಕ್ಯಾನು ಹಿಡಿದ ಡೀಲಿಯಾ ಗೇಟಿನ ಹತ್ತಿರ ನಿಂತಿದ್ದರು.

“ಅವ್ಳನ್ನ ನೋಡಿದ್ ಮೇಲೇ ನಂಗೆ ತಾರೀಖು ನೆನಪಾಗಿದ್ದು,” ಎನ್ನುತ್ತಾರೆ ಅಟ್ರಾಕ್ಟಾ. “ನಮ್ಮಮ್ಮ ಆವತ್ತು ಅದೃಷ್ಟ ಹೋದೀತು ಅಂತ ಒಲೆ ಬೂದಿ ಕೂಡ ಆಚೆ ಹಾಕ್ತಿರ್ಲಿಲ್ಲ. ಅಂಥ ಮನೇಲಿ ಹುಟ್ಟಿದೋಳು ನಾನು. ಬಾಟ್ಲು ಅಲ್ಲೇ ಚೆಲ್ಲಿಬಿಡ್ಬೇಕಿತ್ತು. ಚೆಲ್ಲಿದ್ರೆ ಕದ್ದಿದ್ದು ಹೌದು ಅಂತ ಒಪ್ಕೊಂಡಂಗೆ ಆಗತ್ತಲ್ಲ ಅಂತ ಸುಮ್ನೆ ಜೇಬಿಗ್ ಹಾಕೊಂಡೆ. ಅದು ಇನ್ನೂ ಕೆಟ್ಟದಾಗಿ ಕಾಣ್ತು.”

ಆ ಬೇಸಿಗೆ ಡೀಲಿಯಾ ಅವರ ಎರಡು ಕರು ಸತ್ತವು. ಶರತ್ಕಾಲದಲ್ಲಿ ಪ್ಯಾಕಿ ಕೊಟ್ಟಿಗೆಯಲ್ಲೇ ಕುಸಿದು ಹೋದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಹೊರಗಿನವರು ಹೇಳಬಹುದು. ಕೊಂಬೆ ಯಾರ ತಲೆಯ ಮೇಲೆ ಬಿತ್ತೋ ಅವರಿಗೆ ಹೇಳುವ ಧೈರ್ಯ ನನಗಿಲ್ಲ, ಅಟ್ರಾಕ್ಟಾ ಅವರಿಗೂ ಇರಲಿಲ್ಲ. ಪ್ಯಾಕಿಯ ಸಾವಿನ ಮನೆಗೆ ಅವರು ಹೋದರು, ಸಾಲಿನಲ್ಲಿ ನಿಂತು ಎಲ್ಲರ ಕೈ ಹಿಡಿದು ಸಂತಾಪ ಹೇಳಿದರು. ಡೀಲಿಯಾ ಕೈ ಚಾಚಿದರು, ಮುಖ ಗೋಡೆಯ ಕಡೆಗೆ ತಿರುಗಿಸಿದರು. ಅಲ್ಲಿಗೆ ಮುಗಿಯಿತು.

ಊರವರಿಗೆ ಇದು ತಮಾಷೆಯೂ ಹೌದು, ಅದು ನನಗೆ ಹಿಡಿಸುವುದಿಲ್ಲ. ಭಾನುವಾರದ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ನೀರಿನ ಸಂಘದ ಅಧ್ಯಕ್ಷ ಫಿಂಟನ್ ಟರ್ಲಿ, “ಬಾವಿ ಮುಚ್ಕೊಳ್ರಪ್ಪಾ, ಅಟ್ರಾಕ್ಟಾ ಬರ್ತಾಳೆ,” ಎಂದು ಹಲ್ಲು ಬಿಟ್ಟರು.

“ನೀನೇ ಹೋಗಿ ಡೀಲಿಯಾನ ಕೇಳು, ಅಧ್ಯಕ್ಷ ನೀನಲ್ವಾ?” ಎಂದರು ಅಟ್ರಾಕ್ಟಾ.

“ಕೇಳ್ದೆ. ಮಾಡ್ದೋಳನ್ನ ಕೇಳು ಅಂದ್ಲು. ನನ್ನ ಕೈಲಾಗಲ್ಲ ಮಾರಾಯ್ತಿ, ಆ ಹೆಂಗಸು ನನಗೆ ಚಿಕ್ಕೋನಿದ್ದಾಗ ಚರ್ಚಿನ ಪಾಠ ಕಲ್ಸಿದೋಳು. ಈಗ್ಲೂ ನೋಡಿದ್ರೆ ಪಾಠ ಒಪ್ಪಿಸು ಅಂತಾಳೇನೋ ಅನ್ಸತ್ತೆ.”

ಅಟ್ರಾಕ್ಟಾ ನಗಲಿಲ್ಲ. ವ್ಯಾನು ಹತ್ತಿ ಕೀಲಿ ತಿರುಗಿಸಿದರು. ಆಮೇಲೆ, “ಕೆಲ್ಸ ಬಿಟ್ಬಿಡ್ತೀನಿ ಅಂತ ಮೂರ್ ಸಲ ಹೇಳ್ದೆ. ಯಾರೂ ಬರಲ್ಲ. ಈ ಜಗಳ ತಲೆ ಮೇಲೆ ಹೊತ್ಕೊಂಡು ಯಾರ್ ಬರ್ತಾರೆ ಹೇಳು?” ಅಂದರು. ಹನ್ನೆರಡು ವರ್ಷದಿಂದ ಇವರ ನೆರೆಯಲ್ಲಿದ್ದೇನೆ, ಇವರ ದನಿ ಇಷ್ಟು ಸೋತಿದ್ದನ್ನು ಕೇಳಿರಲಿಲ್ಲ.

ಏಪ್ರಿಲ್ ಕೊನೆಯ ವಾರ ಪಂಪ್‌ಹೌಸಿನ ಬಳಿ ನಾನೂ ಇದ್ದೆ. ಗೇಟಿನ ಆಚೆ ಡೀಲಿಯಾ ದನ ಎಣಿಸುತ್ತಿದ್ದರು, ಜೊತೆಗೆ ಅವರ ನಾಯಿ ಬಾಬಿ. ಅಟ್ರಾಕ್ಟಾ ಹೊಲದ ಕಲ್ಲುಗೋಡೆಯ ತನಕ ಹೋಗಿ ಅದರ ಸಂದಿಯಲ್ಲಿ ಕೈ ತೂರಿಸಿ ನಾಯಿಯ ಕಿವಿ ತುರಿಸತೊಡಗಿದರು. ಸೊಸೆಗೆ ಹೇಳಬೇಕಾದ್ದನ್ನು ಹಸುವಿಗೆ ಹೇಳುವ ಅತ್ತೆಯರನ್ನು ಕಂಡವಳು ನಾನು, ಏನಾಗುತ್ತಿದೆ ಎಂದು ತಕ್ಷಣ ಗೊತ್ತಾಯಿತು.

“ಬಾಬಿ, ಕೇಳೋ ಇಲ್ಲಿ,” ಎಂದರು ಅಟ್ರಾಕ್ಟಾ. “ಮೇ ಒಂದ್ನೇ ತಾರೀಖು ನಾನು ಏಳೋದು ಲೇಟು. ಮಂಡಿ ನೋವು. ನಮ್ಮ ಹಿತ್ಲ ಬಾವಿ ಹತ್ರ ಹೊತ್ತು ಏರೋವರ್ಗೂ ಯಾರೂ ಹೋಗಲ್ಲ. ಗೇಟಿಗೆ ಬೀಗಾನೂ ಇಲ್ಲ.”

ಡೀಲಿಯಾ ದನ ಎಣಿಸುವುದನ್ನು ನಿಲ್ಲಿಸಲಿಲ್ಲ, ಎಣಿಕೆ ಮಾತ್ರ ಎರಡನೇ ಸಲ ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವರೂ ನಾಯಿಗೇ ಹೇಳಿದರು: “ಬಾರೋ ಈ ಕಡೆ. ಕಂಡೋರ ಕೈಲೆಲ್ಲಾ ಕಿವಿ ಕೆರೆಸ್ಕೋತೀಯ, ನಾಚ್ಕೆ ಇಲ್ಲ ನಿಂಗೆ.”

ದಾರಿಯಲ್ಲಿ ನಾನು ಕೇಳಿದೆ, “ನಿಮ್ಮ ಅದೃಷ್ಟಾನ ಅವ್ರಿಗೆ ಕೊಟ್ಬಿಡ್ತೀರಾ?”

“ಕೊಡೋಕ್ಕಾಗಲ್ಲ ಕಣೆ. ಕೊಟ್ರೆ ಅದು ಭಿಕ್ಷೆ, ಡೀಲಿಯಾ ಮುಟ್ಟಲ್ಲ. ಅವ್ಳೇ ಬಂದು ಕದೀಬೇಕು. ಆಗ ಸಮ.”

ಮೇ ಒಂದರ ನಸುಕಿಗೆ ಅಟ್ರಾಕ್ಟಾ ಅವರ ಅಡುಗೆಮನೆಗೆ ಹೋದೆ. ದಾರಿಯುದ್ದಕ್ಕೂ ಎಲ್ಲರ ಹೊಸ್ತಿಲ ಮೇಲೂ ಹಳದಿ ಪ್ರಿಮ್‌ರೋಸ್ ಹೂವು ಚೆಲ್ಲಿತ್ತು, ಹಿಂದಿನ ಸಂಜೆಯೇ ಮನೆಯ ಕಾವಲಿಗೆಂದು ಹಾಕುವಂಥದ್ದು. ಇವರ ಹೊಸ್ತಿಲು ಬರಿದಾಗಿತ್ತು. “ಕಳ್ಳೀನ ಕರ್ದು ಬಾಗ್ಲಿಗೆ ಕಾವಲು ಹಾಕೋಕಾಗತ್ತಾ?” ಎಂದರು. ಮಾತು ಹಗುರವಾಗಿತ್ತು, ಕೈ ಮಾತ್ರ ಟೀ ಬಟ್ಟಲನ್ನು ಸುಮ್ಮನೆ ತಿರುಗಿಸುತ್ತಿತ್ತು. ಅವರಿಗಿರುವುದು ಆರು ಹಸು. ಕೆಂಪು ಹಸು ಇವತ್ತೋ ನಾಳೆಯೋ ಈಯುವುದರಲ್ಲಿತ್ತು. ಹೋದ ಸಲ ಅದರ ಕರು ಅಡ್ಡ ಬಂದು ತಾಯಿ ಉಳಿದಿದ್ದೇ ಕಷ್ಟವಾಗಿತ್ತು.

ಅವರು ಕಿಟಕಿಗೆ ಬೆನ್ನು ಹಾಕಿ ಕೂತರು. ನೋಡುವುದು ಮರ್ಯಾದೆಯಲ್ಲವಂತೆ. ನಾನು ಪತ್ರಿಕೆಯವಳು, ನೋಡಿದೆ.

ಬೂದು ಬೆಳಕಿನಲ್ಲಿ ಡೀಲಿಯಾ ಬಂದರು. ಮೈಮೇಲೆ ಪ್ಯಾಕಿಯ ಹಳೇ ಕೋಟು, ಕೈಯಲ್ಲಿ ಹಾಲಿನ ಕ್ಯಾನು. ಗೇಟನ್ನು ಸದ್ದಾಗದಂತೆ ಎತ್ತಿ ತೆಗೆದರು. ಬಾವಿಯ ಕಟ್ಟೆಗೆ ಬಗ್ಗಲು ಬಹಳ ಹೊತ್ತು ಹಿಡಿಯಿತು, ಏಳಲು ಇನ್ನೂ ಹೊತ್ತು.

“ಬಂದ್ಲಾ?” ಎಂದರು ಅಟ್ರಾಕ್ಟಾ, ತಿರುಗದೆ.

“ಬಂದ್ರು.”

“ತುಂಬ್ಕೊಂಡ್ಳಾ?”

“ಹೂಂ. ಕಂಠಪೂರ್ತಿ.”

ಅವರು ಶಿಲುಬೆಯ ಗುರುತು ಮಾಡಿಕೊಂಡರು. ಹೆಜ್ಜೆಗಳು ಗೇಟಿನ ಕಡೆಗೆ ಹೋಗುತ್ತವೆ ಎಂದುಕೊಂಡೆವು. ಹೋಗಲಿಲ್ಲ, ಬಾಗಿಲಿಗೆ ಬಂದವು. ಡೀಲಿಯಾ ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತು ಮುಖ ಗಂಟಿಕ್ಕಿಕೊಂಡು ಹೇಳಿದರು:

“ನಿನ್ನ ಬಾವಿ ನೀರು ಬರೀ ತುಕ್ಕು.”

“ಅಪ್ಪನ ಕಾಲದಿಂದ್ಲೂ ಹಂಗೇ, ಡೀಲಿಯಾ.”

“ನಿಮ್ಮಪ್ಪ ಅದ್ನ ಯಾವತ್ತೂ ಒಪ್ಕೊಳ್ತಿರ್ಲಿಲ್ಲ.” ಕ್ಯಾನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. “ಬೇಲಿ ಕಂಬ ತರ್ಸು. ಮೊದ್ಲು ನನ್ನ ದನಕ್ಕೆ ನೀರಿನ ತೊಟ್ಟಿ ಇಡ್ಬೇಕು, ಆಮೇಲೆ ಬೇಲಿ. ಆ ಫಿಂಟನ್‌ನ ಮಾತ್ರ ನನ್ನ ಹೊಲಕ್ಕೆ ಕಳಿಸ್ಬೇಡ, ಕಂಬ ನೆಟ್ಟಗೆ ಹೂಳೋಕ್ ಬರಲ್ಲ ಅವ್ನಿಗೆ.”

ಅಷ್ಟು ಹೇಳಿ ನೀರು ತುಳುಕದಂತೆ ನಿಧಾನವಾಗಿ ಹೊರಟುಹೋದರು. ಅಟ್ರಾಕ್ಟಾ ಬಾಗಿಲಲ್ಲಿ ನಿಂತು ನೋಡಿದರು, ಆ ಕೋಟು ತಿರುವಿನಲ್ಲಿ ಮರೆಯಾಗುವ ತನಕ. ಅತ್ತರೋ ಇಲ್ಲವೋ ಹೇಳಲಾರೆ. ಮುಖ ಒರೆಸಿಕೊಂಡಿದ್ದಂತೂ ಹೌದು.

ಫೋನು ಬಡಿದುಕೊಳ್ಳತೊಡಗಿತು. ಅವರು ಅದನ್ನು ಮೇಜಿನ ಮೇಲೆಯೇ ಬಿಟ್ಟು ರಬ್ಬರ್ ಬೂಟು ಹಾಕಿಕೊಂಡು ಕೊಟ್ಟಿಗೆಗೆ ನಡೆದರು. ನಾನೂ ಹಿಂದೆ ಹೋದೆ. ಕೆಂಪು ಹಸು ಬಾಲ ಎತ್ತಿ ಮೂಲೆಯಲ್ಲಿ ತಿರುಗಾಡುತ್ತಿತ್ತು. ಅಟ್ರಾಕ್ಟಾ ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಕೆಟ್ಟ ಮಂಡಿಯನ್ನು ನೀಳವಾಗಿ ಚಾಚಿಕೊಂಡರು.

“ಅದೆಲ್ಲಾ ನಿಜ ಅಂತ ಅನ್ಸತ್ತಾ ನಿಮಗೆ?” ಎಂದು ಕೇಳಿದೆ.

“ಇಲ್ಲಪ್ಪ, ಎಲ್ಲಾ ಅಜ್ಜಿ ಕತೆ,” ಎಂದರು, ಹಸುವಿನಿಂದ ಕಣ್ಣು ಕೀಳದೆ. “ಆದ್ರೂ ಇವ್ಳು ಈಯೋವರ್ಗೂ ನಾನು ಇಲ್ಲಿಂದ ಕದಲಲ್ಲ. ಇವತ್ತೊಂದಿನ ಯಾರ್ ನಲ್ಲಿ ಒಣಗಿದ್ರೂ ಒಣಗ್ಲಿ.”