ಬಾಟಲಿಯಲ್ಲಿ ಬೆಳೆಸಿದ ಆಲೂಗಡ್ಡೆ ಸಸಿ

ಎಂಬತ್ತರ ದಶಕದಲ್ಲಿ ಚನ್ನಗಿರಿಯಲ್ಲಿ ನಮ್ಮದೊಂದು ಬೀಜದ ಅಂಗಡಿ ಇತ್ತು. ಹೊರಗಿನಿಂದ ತರಿಸುತ್ತಿದ್ದ ಬಿತ್ತನೆ ಆಲೂಗಡ್ಡೆಗೆ ನಂಜುರೋಗ. ಗಿಡದ ಎಲೆ ಮುದುಡಿದರೆ ರೈತರ ಬೈಗುಳ ನನ್ನ ಗಂಡನಿಗೆ. ನಾನು ಸಸ್ಯಶಾಸ್ತ್ರ ಓದಿದವಳು. ಕಾಲೇಜಿನ ಮೇಷ್ಟ್ರೊಬ್ಬರು ರೋಗವಿಲ್ಲದ ಸಸಿಗಳಿದ್ದ ಒಂದು ಬಾಟಲಿ ಕೊಟ್ಟು, ಗೆಣ್ಣು ಗೆಣ್ಣಾಗಿ ಕತ್ತರಿಸಿ ಬೇರೆ ಬಾಟಲಿಗಳಲ್ಲಿ ಬೆಳೆಸುವುದನ್ನು ಹೇಳಿಕೊಟ್ಟಿದ್ದರು. ಗಾಳಿಯ ಬೂಷ್ಟು ತಾಗದಂತೆ ಕತ್ತರಿಸಲು ನಡುಮನೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು, ಸಸಿಗೆ ಬೇಕಾದ ಪೋಷಕ ದ್ರವ ಹಾಕಿದ ಬಾಟಲಿಗಳನ್ನು ಅಡುಗೆಯ ಕುಕ್ಕರಿನಲ್ಲೇ ಬೇಯಿಸುತ್ತಿದ್ದೆ. ಅತ್ತೆಗೆ ಅದು ಸರಿಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪೆಟ್ಟಿಗೆಯನ್ನು ಸ್ಪಿರಿಟ್‌ನಿಂದ ಒರೆಸಿ, ಕೈಗೂ ಹಚ್ಚಿಕೊಂಡು, ಅದು ಆರುವ ಮೊದಲೇ ಕತ್ತರಿ ಕಾಯಿಸುವ ಸ್ಪಿರಿಟ್ ದೀಪ ಹಚ್ಚಿದೆ. ಹಗಲಿನಲ್ಲಿ ಸ್ಪಿರಿಟ್ ಉರಿ ಕಾಣುವುದಿಲ್ಲ. ಬಲಗೈ ಚುರುಗುಟ್ಟಿದಾಗಲೇ ಗೊತ್ತಾದದ್ದು. ಪಕ್ಕದಲ್ಲೇ ಸ್ಪಿರಿಟ್ ತುಂಬಿದ ಲೋಟ. ಕೈ ಎಳೆದುಕೊಂಡರೆ ಅದು ಸೀರೆಯ ಮೇಲೆ ಚೆಲ್ಲುತ್ತಿತ್ತು. ಕೈ ಅಲ್ಲಾಡಿಸದೆ ಕೂಗಿದೆ.

"ಅತ್ತೇ, ಒದ್ದೆ ಬಟ್ಟೆ ತರ್ರಿ."

ಅತ್ತೆ ಅಡುಗೆಮನೆಯಿಂದ ಬಂದವರು ಮೊದಲು ನನ್ನ ಸೆರಗನ್ನು ಹಿಂದಕ್ಕೆಳೆದರು. "ಅಳ್ಳಾಡಬ್ಯಾಡ" ಎಂದು ಒದ್ದೆ ಬಟ್ಟೆಯನ್ನು ಕೈಗೆ ಸುತ್ತಿದರು. ದೀಪದ ಮೇಲೆ ಬೇರೊಂದು ಖಾಲಿ ಲೋಟ ಕವುಚಿದರು. ಮೇಷ್ಟ್ರು ಕೊಟ್ಟ ಬಾಟಲಿ ಬಾಯಿ ತೆರೆದೇ ಇತ್ತು. ನಾನು ಎಡಗೈಯಲ್ಲಿ ಮುಚ್ಚಳ ಹುಡುಕಿದೆ.

"ಚರ್ಮ ಸುಟ್ಟೈತೆ. ಇನ್ನೂ ಅದರ ಮ್ಯಾಲೇ ಐತಲ್ಲ ನಿನ್ನ ಧ್ಯಾನ" ಎಂದರು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದೆ. ಬಾಟಲಿಗಳನ್ನು ಅತ್ತೆ ತಿಪ್ಪೆಗೆ ಹಾಕುತ್ತಾರೆಂದು ನನಗೆ ಭಯ. ಹಾಕಲಿಲ್ಲ. ಆದರೆ ಕೆಲವು ದಿನಗಳಲ್ಲಿ ಒಂದು ಬಾಟಲಿಯಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿತು. ಮರುದಿನ ಇನ್ನೆರಡರಲ್ಲಿ. ಮೇಷ್ಟ್ರ ಬಾಟಲಿಯೂ ಕೆಟ್ಟಿತು. ಅದರಿಂದ ಮೊದಲೇ ಕತ್ತರಿಸಿ ಇಟ್ಟಿದ್ದ ಸಸಿಗಳ ಕೆಲವು ಬಾಟಲಿಗಳು ಮಾತ್ರ ತಿಳಿಯಾಗಿ ಉಳಿದವು.

ಅತ್ತೆ ನನ್ನ ಗಂಡನನ್ನು ಕರೆದು ಹೇಳಿದರು: "ಮನೆಯಾಗೆ ಆ ದೀಪ ಹಚ್ಚಾಕೆ ನಾನು ಬಿಡಲ್ಲ. ಅಂಗಡಿ ಹಿಂದಿನ ಕೋಣೆ ಐತಲ್ಲ, ಅಲ್ಲಿ ಮಾಡ್ಕೊಳ್ಳಿ. ಒಬ್ಬಳನ್ನೇ ಬಿಡಬ್ಯಾಡ."

ನನಗೆ ಸಿಟ್ಟು ಬಂದಿತ್ತು. ಆದರೂ ಒಪ್ಪಿದೆ. ಕೈ ಮಾಗಿದ ಮೇಲೆ ಅಲ್ಲಿಯೇ ಸಸಿಗಳನ್ನು ಹೆಚ್ಚಿಸಿ, ಸವಳಂಗದಲ್ಲಿ ನನ್ನ ಅಣ್ಣನ ಹೊಲದ ಮೂಲೆಯಲ್ಲಿ, ನಂಜು ಹರಡುವ ಹೇನು ಬರದಂತೆ ಸೊಳ್ಳೆಪರದೆ ಕಟ್ಟಿ ನೆಟ್ಟೆವು. ಎಲೆ ಮುದುಡಲಿಲ್ಲ. ಅಗೆದಾಗ ಗೋಲಿಯಷ್ಟು ಗಡ್ಡೆಗಳು ಸಿಕ್ಕವು. ಒಂದನ್ನೂ ಸಾರಿಗೆ ಹಾಕದೆ ಅಣ್ಣ ಎಲ್ಲವನ್ನೂ ಮುಂದಿನ ಬಿತ್ತನೆಗೆ ಮರಳಿನಲ್ಲಿ ಹರಡಿ ಇಟ್ಟ.